ದೈವದ ಎದುರು ನಾವು ಇಡಿಸಿದ ಎರಡು ಮಾತು

ಈ ಕೆಲಸಕ್ಕೆ ಹೊಸದಾಗಿ ಬರುವವರು ಮೊದಲು ಬಸ್ಸಿನ ಹೊತ್ತು ಕಲಿಯಬೇಕು. ಕಾನೂನಿನ ಕಲಮುಗಳನ್ನು ಆಮೇಲೆ ಕಲಿತರೂ ನಡೆಯುತ್ತದೆ. ಗಂಡನ ಕೈಯಿಂದ ಪೆಟ್ಟು ತಿನ್ನುವ ಹೆಂಗಸು ನಿಮ್ಮ ಎದುರು ಬಂದು ಕೂರುವುದು ರೇಷನ್ ಕಾರ್ಡಿನ ತಿದ್ದುಪಡಿಗೆಂದೋ, ಮಗುವಿನ ಚುಚ್ಚುಮದ್ದಿಗೆಂದೋ, ಕಟ್ಟಿದ ಬೀಡಿ ಒಪ್ಪಿಸಲು ಬೀಡಿ ಬ್ರಾಂಚಿಗೆಂದೋ ಹೇಳಿ ಮನೆಯಿಂದ ಹೊರಟ ದಿನ. ಹಿಂದಿರುಗುವ ಬಸ್ಸು ಬರುವುದರೊಳಗೆ ಅವಳ ಮಾತು ಮುಗಿಯಬೇಕು. ನೀವು ಅರ್ಜಿಯ ನಮೂನೆ ಹುಡುಕುತ್ತಾ ಹತ್ತು ನಿಮಿಷ ಕಳೆದರೆ ಅವಳು ಹೇಳದೆ ಉಳಿಸಿಕೊಳ್ಳುವುದೇ ಮುಖ್ಯವಾದ ಮಾತಾಗಿರುತ್ತದೆ. ನನ್ನ ಮೇಜಿನ ಗಾಜಿನ ಕೆಳಗೆ ವಿಟ್ಲ, ಕನ್ಯಾನ, ಮಾಣಿ, ಸಿದ್ಧಕಟ್ಟೆ, ಬೆಳ್ತಂಗಡಿ ಕಡೆಯ ಬಸ್ಸುಗಳ ಪಟ್ಟಿ ಇತ್ತು. ಡ್ರಾವರಿನಲ್ಲಿ ಸೇಫ್ಟಿ ಪಿನ್ನು, ಬಾಚಣಿಗೆ, ಮಕ್ಕಳಿಗೆ ಬಿಸ್ಕತ್ತು. ರವಿಕೆಯ ಹುಕ್ಕು ಕಿತ್ತುಹೋದವಳು ಸೆರಗು ಹಿಡಿದುಕೊಂಡೇ ಮಾತಾಡುತ್ತಾಳೆ. ಪಿನ್ನು ಕೊಟ್ಟರೆ ಕೈ ಬಿಡುತ್ತಾಳೆ, ಬಾಯಿಯೂ ಬಿಡುತ್ತಾಳೆ.

ಇಪ್ಪತ್ತೆರಡು ವರ್ಷ ನಾನು ಮಾಡಿದ ಕೆಲಸಕ್ಕೆ ಕಾಗದದಲ್ಲಿ ಆಪ್ತ ಸಮಾಲೋಚಕಿ ಎಂಬ ಹೆಸರು. ಹೆಂಗಸರಿಗೆ ನೆರವಾಗುವ ನಮ್ಮ ಕೇಂದ್ರ ಇದ್ದದ್ದು ಬಿ.ಸಿ. ರೋಡಿನಲ್ಲಿ, ಮೂರು ತಾಲೂಕುಗಳ ಹೆಂಗಸರು ಬರುತ್ತಿದ್ದರು. ಗುರುವಾರ ಮಾತ್ರ ನಾನು ವಿಟ್ಲದಲ್ಲಿ ಒಂದು ಹಳೆಯ ಕೋಣೆಯಲ್ಲಿ ಕೂರುತ್ತಿದ್ದೆ, ಒಳಊರಿನವರಿಗೆ ಹತ್ತಿರವಾಗಲಿ ಎಂದು. ಹೆಂಗಸರು ನನ್ನನ್ನು ಶೈಲಕ್ಕ ಎನ್ನುತ್ತಿದ್ದರು. ಅವರ ಗಂಡಂದಿರು ಏನೆನ್ನುತ್ತಿದ್ದರೆಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮೊದಲ ವರ್ಷದ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಬೆಳ್ತಂಗಡಿ ಕಡೆಯ ಒಬ್ಬಳಿಗೆ ಮುಂದಿನ ಭೇಟಿಯ ದಿನ ತಿಳಿಸಿ ಕಾಗದ ಹಾಕಿದೆ. ಲಕೋಟೆಯ ಮೇಲೆ ಕೇಂದ್ರದ ಹೆಸರು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಕಾಗದ ಸಿಕ್ಕಿದ್ದು ಗಂಡನ ಕೈಗೆ. ಅವಳು ಮತ್ತೆ ಬಂದಾಗ ಬಲಗೈಗೆ ಪ್ಲಾಸ್ಟರು ಇತ್ತು. "ಕಾಗದ ಚಂದ ಬರ್ದಿದ್ರಿ ಅಕ್ಕ, ಅಕ್ಷರ ಚಂದ ಉಂಟು ಅಂತ ಅವರೂ ಹೇಳಿದ್ರು" ಎಂದಳು. ಅವಳು ತಮಾಷೆ ಮಾಡುತ್ತಿದ್ದಾಳೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನಾವು ಬರೆಯುತ್ತಿದ್ದದ್ದು ಸ್ವಸಹಾಯ ಸಂಘದ ಮೀಟಿಂಗಿಗೆ ಕರೆಯುವ ಬಿಳಿ ಕಾರ್ಡು.

ಕೇಂದ್ರದ ಮುಖ್ಯಸ್ಥೆ ಕುಸುಮ ಟೀಚರು. ಹೆಡ್‌ಮಿಸ್ ಆಗಿ ನಿವೃತ್ತರಾದವರು. ತಪ್ಪು ಮಾಡಿದರೆ ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತಿದ್ದರು, ಅವರ ಎದುರಿಗೇ ನಾವು ಅದನ್ನು ಮತ್ತೆ ಬರೆಯಬೇಕಿತ್ತು. ಅವರು ಬಂದ ಮೇಲೆ ನಮ್ಮ ಕೆಲಸದ ರೀತಿ ಬದಲಾಯಿತು. ಅಲ್ಲಿಯವರೆಗೆ ನಾವು ಗಂಡನನ್ನು ಠಾಣೆಗೆ ಕರೆಸಿ, ಇನ್ನು ಕೈ ಎತ್ತುವುದಿಲ್ಲವೆಂದು ಮುಚ್ಚಳಿಕೆ ಬರೆಸುತ್ತಿದ್ದೆವು. ಗಂಡಂದಿರು ಸಹಿ ಹಾಕುತ್ತಿದ್ದರು. ಮನೆ ತಲುಪುವುದರೊಳಗೆ ಮರೆಯುತ್ತಿದ್ದರು.

"ನಮ್ಮ ಗಂಡಸರಿಗೆ ಠಾಣೆಯ ಹೆದರಿಕೆ ಇಲ್ಲ" ಎಂದು ಟೀಚರು ಒಂದು ದಿನ ಚಹಾ ಕುಡಿಯುತ್ತಾ ಹೇಳಿದರು. "ದೈವದ ಹೆದರಿಕೆ ಉಂಟು, ದೇವರ ಹೆದರಿಕೆ ಉಂಟು, ಖತೀಬರದ್ದು ಉಂಟು, ಫಾದರ್‌ದು ಉಂಟು. ಹೆದರಿಕೆ ಇರುವಲ್ಲಿಗೆ ನಾವು ಹೋಗುವ."

ಹೋದೆವು. ಎಲ್ಲೆಡೆಯೂ ಒಳ್ಳೆಯವರು ಸಿಕ್ಕಿದರು, ಇದನ್ನು ನಾನು ಮರೆಯಬಾರದು. ಬೆಳ್ತಂಗಡಿಯಾಚೆಯ ಬೆಟ್ಟದ ಊರಿನ ಇಗರ್ಜಿಯೊಂದರ ಫಾದರ್ ಒಂದು ಭಾನುವಾರ ಇಡೀ ಪ್ರವಚನವನ್ನು ಹೆಂಡತಿಗೆ ಹೊಡೆಯುವವರ ಕುರಿತೇ ಮಾಡಿದರು. ಮುಂದಿನ ವಾರ ಆ ಊರಿನಿಂದ ಮೂವರು ಹೆಂಗಸರು ಒಂದೇ ಜೀಪಿನಲ್ಲಿ ಬಂದರು. ಮಾಣಿಯ ಹತ್ತಿರದ ಒಂದು ಮಸೀದಿಯ ಖತೀಬರು ನಮ್ಮನ್ನು ಕೂರಿಸಿ, ಎಂತ ಹೇಳಬೇಕು, ಎಂತ ಹೇಳಬಾರದು ಎಂದು ಪುಟ್ಟ ನೋಟುಪುಸ್ತಕದಲ್ಲಿ ಬರೆದುಕೊಂಡರು. ಒಂದು ಭಜನಾ ಮಂದಿರದವರು ಶನಿವಾರದ ಭಜನೆಯ ಬಳಿಕ ಹತ್ತು ನಿಮಿಷ ನಮಗೆ ಕೊಟ್ಟರು. ಪ್ರಸಾದ ಹಂಚುವ ಮೊದಲೇ ಕೊಟ್ಟರು, ಇಲ್ಲವಾದರೆ ಯಾರೂ ಕೂರುವುದಿಲ್ಲವೆಂದು.

ಇದರ ಜೊತೆಗೆ ಒಂದು ಹಳೆಯ ಕ್ರಮವನ್ನೂ ನಾವು ಬಳಸತೊಡಗಿದೆವು. ನಮ್ಮ ಕಡೆ ಜಾಗದ ಗಡಿ, ಅಣ್ಣತಮ್ಮಂದಿರ ಜಗಳ ಎಲ್ಲವೂ ಕೊನೆಗೆ ಊರು ಕಾಯುವ ದೈವದ ಎದುರು ಬರುತ್ತವೆ. ಅಲ್ಲಿ ಪ್ರಸಾದ ಹಿಡಿದು ಆಡಿದ ಮಾತಿಗೆ ಮಾತು ಇಡುವುದು ಎನ್ನುತ್ತಾರೆ. ಇಟ್ಟ ಮಾತನ್ನು ಮುರಿದರೆ ಮನೆಯ ಮೇಲೆ ಏನಾದರೂ ಬೀಳುತ್ತದೆ. ಕುಡಿದು ಹೊಡೆಯುತ್ತಿದ್ದ ಬೆಳ್ತಂಗಡಿಯ ಒಬ್ಬ ಹೀಗೆ ಮಾತು ಇಟ್ಟ ಮೇಲೆ ನಿಜವಾಗಿ ನಿಲ್ಲಿಸಿದ. ನನಗೆ ಧೈರ್ಯ ಬಂತು. ಆ ಧೈರ್ಯದ ಮೇಲೆಯೇ ಹರಿಣಾಕ್ಷಿಯ ವಿಷಯದಲ್ಲಿ ನಾನು ಮಾಡಿದ್ದನ್ನೆಲ್ಲ ಮಾಡಿದ್ದು.

ಹರಿಣಾಕ್ಷಿ ಬಂದದ್ದು ಒಂದು ಗುರುವಾರ, ವಿಟ್ಲಕ್ಕೆ. ತವರು ಬೆಳುವಾಯಿ, ಮದುವೆಯಾದದ್ದು ಕನ್ಯಾನದಿಂದ ಒಳಗಿನ ಒಂದು ಊರಿಗೆ. ಸೊಂಟದಲ್ಲಿ ಒಂದೂವರೆ ವರ್ಷದ ಹೆಣ್ಣುಮಗು. ಕುರ್ಚಿಯ ಅಂಚಿನಲ್ಲಿ ಕೂತು, ಮುಖವನ್ನು ಸ್ವಲ್ಪ ಓರೆ ಮಾಡಿ ಕೇಳುತ್ತಿದ್ದಳು.

"ಎಡಗಿವಿಗೆ ಎಂತ ಆಗಿದೆ?" ಎಂದು ಕೇಳಿದೆ.

"ಎಂತ ಇಲ್ಲ. ಈಚೆ ಬದಿಯಿಂದ ಹೇಳಿ, ಕೇಳ್ತದೆ."

"ಡಾಕ್ಟ್ರಿಗೆ ತೋರಿಸಿದ್ದೀಯಾ?"

"ತೋರಿಸಿದ್ದೇನೆ. ಬಿದ್ದದ್ದು ಅಂತ ಹೇಳಿದ್ದೇನೆ." ಮಗುವಿಗೆ ಬಿಸ್ಕತ್ತು ಮುರಿದು ಕೊಟ್ಟು ಮುಂದುವರಿಸಿದಳು. "ನಾನು ಮನೆ ಬಿಡ್ಲಿಕ್ಕೆ ಬಂದದ್ದಲ್ಲ ಅಕ್ಕ. ಅವರು ಕುಡಿಯುವುದಿಲ್ಲ, ಎಂತದ್ದೂ ಇಲ್ಲ. ಊರಲ್ಲಿ ಒಳ್ಳೆ ಹೆಸರುಂಟು. ಸಿಟ್ಟು ಒಂದು. ಒಂದು ಸಲ ಸರೀ ಹೆದರಿಸಿ ಬಿಡಿ, ಅಷ್ಟು ಸಾಕು."

ಗಂಡ ವಸಂತ ಪಿಕಪ್ ಓಡಿಸುತ್ತಿದ್ದ. ಊರಿನ ಭಜನಾ ಮಂಡಳಿಯಲ್ಲಿ ಮೊದಲ ಸಾಲಿನವನು. ಅವನನ್ನು ಠಾಣೆಗೆ ಕರೆಸಿದರೆ ಮರ್ಯಾದೆ ಹೋಯಿತೆಂದು ಇನ್ನಷ್ಟು ಹೊಡೆದಾನು ಎಂದು ಅವಳು ಹೆದರಿದಳು. ದೈವದ ಎದುರು ಮಾತು ಇಡಿಸುವ ಎಂದು ಹೇಳಿದ್ದು ನಾನು. ಅವಳ ಮುಖ ಅರಳಿದ್ದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟುತ್ತದೆ. "ಅದಾದ್ರೆ ಅವರು ಕೇಳ್ತಾರೆ. ದೈವ ಅಂದ್ರೆ ಹೆದರ್ತಾರೆ" ಎಂದಳು. ಅವಳು ಇನ್ನೂ ಹೆಚ್ಚು ಹೆದರುತ್ತಾಳೆ ಎಂಬುದನ್ನು ನಾನು ಆಗ ಲೆಕ್ಕಕ್ಕೆ ಹಿಡಿಯಲಿಲ್ಲ.

ಅವರ ದೈವಸ್ಥಾನದ ಗುರಿಕಾರರು ಎಂದರೆ ಆ ಕುಟುಂಬಗಳಿಗೆಲ್ಲ ಹಿರಿಯರು, ದೈವದ ಕಾರ್ಯ ನಡೆಸುವವರು. ಹೆಸರು ಸೇಸಪ್ಪಣ್ಣ. ಎಪ್ಪತ್ತು ದಾಟಿದವರು, ಮೆಲ್ಲ ಮಾತು. ನಾನು ವಿಷಯ ಹೇಳಿದಾಗ ತಲೆ ತಗ್ಗಿಸಿ ಪೂರ್ತಿ ಕೇಳಿದರು. "ಹೆಣ್ಣುಮಕ್ಕಳ ಮೇಲೆ ಕೈ ಮಾಡುವುದು ನಮ್ಮ ದೈವಕ್ಕೆ ಆಗುವುದಿಲ್ಲ. ಮಂಗಳವಾರ ಕರೆಸುವ" ಎಂದರು.

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಸೇರಿದೆವು. ವಸಂತ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು ಬಂದಿದ್ದ. ನನಗೆ ಕೈ ಮುಗಿದ. ಗುರಿಕಾರರು ದೀಪ ಹಚ್ಚಿ, ಪ್ರಾರ್ಥಿಸಿ, ಅವನ ಕೈಗೆ ಪ್ರಸಾದ ಕೊಟ್ಟರು. ಇನ್ನು ಹೆಂಡತಿಯ ಮೇಲೆ ಕೈ ಎತ್ತುವುದಿಲ್ಲವೆಂದು ಅವನು ಸ್ಪಷ್ಟವಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ.  ನನಗೆ ಸಮಾಧಾನವಾಯಿತು. ಆಗ ಗುರಿಕಾರರು ಹರಿಣಾಕ್ಷಿಯ ಕಡೆ ತಿರುಗಿದರು.

"ಒಂದೇ ಬದಿಯ ಮಾತು ಇಡುವ ಕ್ರಮ ನಮ್ಮಲ್ಲಿ ಇಲ್ಲ. ನೀನೂ ಒಂದು ಮಾತು ಇಡಬೇಕು ಮಗಾ."

"ಎಂತ ಇಡಬೇಕು?" ಎಂದು ಅವಳು ನನ್ನ ಮುಖ ನೋಡಿದಳು.

"ಮನೆಯ ಮಾತು ಮನೆಯಲ್ಲೇ ಇರ್ತದೆ, ಹೊರಗೆ ಹೇಳುವುದಿಲ್ಲ ಅಂತ. ಅವನಿಗೂ ಒಂದು ಮರ್ಯಾದೆ ಬೇಕಲ್ಲ. ಇನ್ನು ಹೇಳುವಂಥದ್ದು ಆಗುವುದೂ ಇಲ್ಲ."

ಕೊನೆಯ ವಾಕ್ಯ ನನಗೆ ಸರಿಯೆಂದೇ ಕಂಡಿತು. ಅವನು ಹೊಡೆಯದಿದ್ದರೆ ಅವಳಿಗೆ ಹೇಳಲು ಏನಿರುತ್ತದೆ? ನಾನು ಹೂಂ ಎಂದು ತಲೆಯಾಡಿಸಿದೆ. ಅವಳು ಪ್ರಸಾದ ಹಿಡಿದು ಆ ಮಾತು ಇಟ್ಟಳು. ಆಮೇಲೆ ಎಲ್ಲರಿಗೂ ಅವಲಕ್ಕಿ, ಬಾಳೆಹಣ್ಣು. ವಸಂತನೇ ಎಲೆ ಹಾಕಿ ಬಡಿಸಿದ. ನಾನು ಎರಡನೆಯ ಸಲ ಹಾಕಿಸಿಕೊಂಡೆ.

ಅವಳು ಮತ್ತೆ ಬರಲಿಲ್ಲ. ಬರದಿರುವುದನ್ನು ನಾವು ಒಳ್ಳೆಯ ಲಕ್ಷಣವೆಂದು ಬರೆದುಕೊಳ್ಳುತ್ತಿದ್ದ ಕಾಲ ಅದು. ಕುಸುಮ ಟೀಚರು ಒಮ್ಮೆ "ಆ ಕನ್ಯಾನದ ಹುಡುಗಿಯನ್ನು ಹೋಗಿ ನೋಡಿದ್ದೀಯಾ?" ಎಂದು ಕೇಳಿದ್ದರು. ದಾರಿ ದೂರ, ಬಸ್ಸು ಕಡಿಮೆ, ಹೊಸ ಪ್ರಕರಣಗಳು ದಿನಕ್ಕೆ ನಾಲ್ಕು ಬರುತ್ತವೆ. ಫೋನು ಮಾಡಿದ್ದೆ, "ಚಂದ ಉಂಟು ಅಕ್ಕ" ಎಂದಿದ್ದಳು. ಹಾಗೆಂದೇ ಟೀಚರಿಗೂ ಹೇಳಿದೆ.

ಒಂದೂವರೆ ವರ್ಷ ಕಳೆದಿರಬೇಕು. ಮೂಡುಬಿದಿರೆಯಲ್ಲಿ ಹೆಂಗಸರಿಗಾಗಿ ಒಂದು ಸಭೆ ಏರ್ಪಾಡಾಗಿತ್ತು. ಬಸದಿಯ ಕಡೆಯವರು, ದೇವಸ್ಥಾನದ ಕಡೆಯವರು, ಇಗರ್ಜಿಯ ಕಡೆಯವರು ಸೇರಿ ನಡೆಸಿದ್ದು. ನಂಬಿಕೆಯನ್ನು ಹೇಗೆ ಒಳ್ಳೆಯದಕ್ಕೆ ಬಳಸಬಹುದೆಂದು ನಾನು ಭಾಷಣ ಮಾಡಿದೆ. ಉದಾಹರಣೆಗೆ ಹೆಸರು ಹೇಳದೆ ಆ ಎರಡು ಮಾತುಗಳ ಕತೆ ಹೇಳಿದೆ. ಚಪ್ಪಾಳೆ ಬಿತ್ತು. ಊಟದ ಹೊತ್ತಿಗೆ ಕೈ ತೊಳೆಯುವಲ್ಲಿ ಅರುವತ್ತರ ಆಸುಪಾಸಿನ ಒಬ್ಬರು ನನ್ನ ಪಕ್ಕ ಬಂದು ನಿಂತರು. ನಳ್ಳಿ ತಿರುಗಿಸಲಿಲ್ಲ, ಕೈಯೂ ತೊಳೆಯಲಿಲ್ಲ.

"ನೀವು ಹೇಳಿದ ಆ ಹುಡುಗಿ ನನ್ನ ಮಗಳು" ಎಂದರು. ಬೆಳುವಾಯಿಯ ಗಿರಿಜಕ್ಕ.

ನಾನು ನಕ್ಕೆ. ಅವರು ಧನ್ಯವಾದ ಹೇಳಲು ಬಂದದ್ದೆಂದೇ ತಿಳಿದೆ.

"ಮೂರು ಸಲ ಮನೆಗೆ ಬಂದಿದ್ದಾಳೆ. ಒಮ್ಮೆ ತುಟಿಗೆ ಹೊಲಿಗೆ. ಒಮ್ಮೆ ಎದೆಯ ಎಲುಬು, ಉಸಿರು ತೆಗೆಯಲಿಕ್ಕೆ ಆಗ್ತಿರಲಿಲ್ಲ. ಎಂತ ಆಯ್ತು ಅಂತ ಕೇಳಿದ್ರೆ ಬಾವಿಕಟ್ಟೆಯಲ್ಲಿ ಜಾರಿದೆ ಅಂತಾಳೆ. ಹೆತ್ತವಳ ಹತ್ರ."

ನಾನು ನಳ್ಳಿ ನಿಲ್ಲಿಸಿದೆ. ಗಿರಿಜಕ್ಕನೇ ಮುಂದುವರಿಸಿದರು.

"ಒಂದೇ ಒಂದು ಸಲ ಹೇಳಿದಳು, ಫೋನಲ್ಲಿ. ಅತ್ತು ಅತ್ತು ಹೇಳಿದಳು. ಆ ವಾರವೇ ಮಗುವಿಗೆ ಜ್ವರ ಏರಿ ಕೈಕಾಲು ಸೆಟೆದು ಆಸ್ಪತ್ರೆಗೆ ಹಾಕಿದ್ದು. ಮಗು ಗುಣ ಆಯ್ತು. ಇವಳ ಬಾಯಿ ಅವತ್ತು ಮುಚ್ಚಿದ್ದು ಮುಚ್ಚಿದ್ದೇ. ಮಾತು ಮುರಿದದ್ದಕ್ಕೆ ಬಂದದ್ದು ಅಮ್ಮ, ಇನ್ನು ಕೇಳ್ಬೇಡ ಅಂತಾಳೆ." ಆಮೇಲೆ, ಬಹಳ ಮೆಲ್ಲಗೆ, "ನೀವು ಅಷ್ಟು ಕಲಿತವರು ಅಲ್ಲಿ ಇದ್ರಲ್ಲ. ಬೇಡ ಅಂತ ಒಂದು ಹೇಳ್ಲಿಕ್ಕಾಗ್ಲಿಲ್ವಾ?" ಎಂದರು.

ಅವನು ಇಟ್ಟ ಮಾತು ತಿಂಗಳೂ ನಿಲ್ಲಲಿಲ್ಲವೆಂದು ಆಮೇಲೆ ತಿಳಿಯಿತು. ಅವಳು ಇಟ್ಟದ್ದು ನಿಂತಿತ್ತು.

ಮರುದಿನವೇ ಕನ್ಯಾನಕ್ಕೆ ಹೋದೆ. ಹರಿಣಾಕ್ಷಿ ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ಬೀಡಿಯ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಕೂತಿದ್ದಳು. ವಸಂತ ಮನೆಯಲ್ಲೇ ಇದ್ದ. "ಬನ್ನಿ ಬನ್ನಿ ಮೇಡಂ, ಬಿಸಿಲಲ್ಲಿ ಬಂದ್ರಿ, ಬೆಲ್ಲ ನೀರು ಕೊಡೇ ಅವರಿಗೆ" ಎಂದು ಕುರ್ಚಿ ಎಳೆದು ಕೊಟ್ಟ. ಸ್ವಲ್ಪ ಹೊತ್ತು ಮಳೆ, ರಸ್ತೆ ಎಂದು ಮಾತಾಡಿ, ಯಾವುದೋ ಬಾಡಿಗೆಯೆಂದು ಪಿಕಪ್ ಹತ್ತಿ ಹೋದ. ಗಾಡಿಯ ಸದ್ದು ದೂರವಾಗುವವರೆಗೆ ಕಾದು ನಾನು ಅವಳ ಬಲಗಡೆ ಹೋಗಿ ಕೂತೆ.

"ನಿನ್ನ ಅಮ್ಮ ಎಲ್ಲ ಹೇಳಿದ್ದಾರೆ."

ಅವಳ ಬೆರಳು ನಿಲ್ಲಲಿಲ್ಲ. ಎಲೆ ಸುತ್ತಿ, ತುದಿ ಮಡಚಿ, ನೂಲು ಕಟ್ಟಿ ತಡ್ಪೆಗೆ ಹಾಕಿದಳು. "ಅಮ್ಮ ಹೇಳಿದ್ದು ಅಮ್ಮನ ಮಾತು. ನಾನು ಎಂತದ್ದೂ ಹೇಳ್ಲಿಲ್ಲ. ನೀವು ಅದಕ್ಕೆ ಸಾಕ್ಷಿ ಆಗಬೇಕು."

"ಯಾರ ಎದುರು ಸಾಕ್ಷಿ?"

ಅವಳು ದೈವಸ್ಥಾನ ಇರುವ ದಿಕ್ಕಿಗೆ ಗಲ್ಲ ಎತ್ತಿ ತೋರಿಸಿದಳು.

"ಬೆಳುವಾಯಿಗೆ ಹೋಗಿ ಇರು, ಮಗುವನ್ನು ಕರ್ಕೊಂಡು. ನಾನು ಇವತ್ತೇ ಗಾಡಿ ಮಾಡ್ತೇನೆ."

"ಹೋದ್ರೆ ಯಾಕೆ ಬಂದೆ ಅಂತ ಕೇಳ್ತಾರೆ ಅಕ್ಕ. ಕೇಳಿದ್ರೆ ಹೇಳಬೇಕಾಗ್ತದೆ." ಎರಡು ಬೀಡಿ ಕಟ್ಟಿದ ಮೇಲೆ ಹೇಳಿದಳು, "ನೀವೇ ಅಲ್ವಾ ಇಡು ಅಂದದ್ದು."

ಕುಸುಮ ಟೀಚರು ಎಲ್ಲ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಂಪು ಶಾಯಿಯ ಪೆನ್ನನ್ನು ಮುಟ್ಟಲಿಲ್ಲ. ದೂರು ಕೊಡುವ ಎಂದರು, ಕೊಟ್ಟೆವು. ವಿಚಾರಣೆಗೆ ಮನೆಗೆ ಹೋದ ಪೊಲೀಸರ ಎದುರು ಹರಿಣಾಕ್ಷಿ ಜಾರಿ ಬಿದ್ದದ್ದೆಂದು ಬರೆಸಿ ಹೆಬ್ಬೆಟ್ಟಲ್ಲ, ಚಂದದ ಸಹಿಯನ್ನೇ ಹಾಕಿದಳು. ಪಿಯುಸಿ ಓದಿದವಳು. ಬಂದವರು ನಮಗೆ ಹೇಳಿದರು, "ಅವಳೇ ಇಲ್ಲ ಅಂತಾಳೆ, ನಾವು ಎಂತ ಮಾಡುದು?" ಅವರ ತಪ್ಪೂ ಅಲ್ಲ.

ಭಜನಾ ಮಂಡಳಿಯ ಅಧ್ಯಕ್ಷರನ್ನು ಕಂಡೆ. "ವಸಂತನಾ? ಒಂದು ಶನಿವಾರ ತಪ್ಪಿಸಿದವನಲ್ಲ ಅವನು. ಯಾರೋ ಆಗದವರು ಹೇಳಿದ್ದಿರಬೇಕು ನಿಮಗೆ" ಎಂದರು. ಉಳಿದದ್ದು ಒಂದೇ ದಾರಿ. ಮಾತು ಇಡಿಸಿದವರೇ ಅದನ್ನು ಬಿಡಿಸಬೇಕು. ಸೇಸಪ್ಪ ಗುರಿಕಾರರ ಮನೆಗೆ ಹೋದೆ.

"ಬಿಡಿಸುವ ಕ್ರಮ ಉಂಟು" ಎಂದರು ಅವರು. "ತಪ್ಪು ಕಾಣಿಕೆ ಹಾಕಿ, ಪ್ರಾರ್ಥನೆ ಮಾಡಿ ಬಿಡಿಸುವುದು. ಆದ್ರೆ ಇಬ್ಬರೂ ಒಟ್ಟಿಗೆ ಇಟ್ಟದ್ದು. ಇಬ್ಬರೂ ಒಟ್ಟಿಗೆ ಬರಬೇಕು."

"ಅವನು ಯಾಕೆ ಬರ್ತಾನೆ ಸೇಸಪ್ಪಣ್ಣ? ಅವನಿಗೆ ಇದು ಹೀಗೇ ಇರುವುದು ಒಳ್ಳೆಯದಲ್ವಾ? ಅವನು ತನ್ನ ಮಾತನ್ನು ಯಾವತ್ತೋ ಮುರಿದಿದ್ದಾನೆ."

"ಮುರಿದದ್ದು ಅಂತ ಯಾರು ಹೇಳಿದ್ದು? ಅವಳು ಹೇಳಿದಳಾ?"

"ಅವಳು ಹೇಳುವ ಹಾಗೆ ನೀವು ಬಿಟ್ಟಿದ್ದೀರಾ? ನಾವು ಬಿಟ್ಟಿದ್ದೇವಾ?"

ಅವರು ಎಲೆಯ ತಟ್ಟೆ ಹತ್ತಿರ ಎಳೆದುಕೊಂಡರು. ವೀಳ್ಯದೆಲೆಯ ನಾರು ತೆಗೆಯುತ್ತಾ ಕೂತರು. ಮೂರು ಎಲೆಯ ನಾರು ತೆಗೆದರು, ಒಂದನ್ನೂ ಬಾಯಿಗೆ ಹಾಕಲಿಲ್ಲ. ಒಳಗಿನಿಂದ ಅವರ ಹೆಂಡತಿಯ ಧ್ವನಿ ಬಂತು. ಅವರು ಬಾಗಿಲ ಹೊರಗೆ ಬರಲಿಲ್ಲ, ಒಳಗೆ ನಿಂತೇ ಹೇಳಿದರು.

"ನಾನು ಬೀಡಿ ಬ್ರಾಂಚಲ್ಲಿ ವಾರಕ್ಕೆ ಎರಡು ಸಲ ಅವಳ ಮುಖ ನೋಡ್ತೇನೆ. ನನ್ನತ್ರ ಯಾರೂ ಎಂತದ್ದೂ ಹೇಳ್ಬೇಕು ಅಂತ ಇಲ್ಲ. ಇವರಿಗೆ ಕ್ರಮ ಬೇಕಂತೆ, ಕ್ರಮ."

"ನೀನು ಸುಮ್ಮನಿರು ಮಾರಾಯ್ತಿ."

"ಸುಮ್ಮನಿದ್ದೇ ಇಷ್ಟಾದದ್ದು."

ಗುರಿಕಾರರು ನನ್ನನ್ನು ನೋಡದೆ ಹೇಳಿದರು, "ನನಗೆ ಸ್ವಲ್ಪ ಆಲೋಚನೆ ಮಾಡ್ಲಿಕ್ಕೆ ಬಿಡಿ. ನನ್ನ ಅಪ್ಪನ ಕಾಲದಿಂದ ಇರುವುದನ್ನು ನಾನೊಬ್ಬ ಬದಲು ಮಾಡುವುದು ಅಂದ್ರೆ ಸಣ್ಣ ವಿಷಯ ಅಲ್ಲ."

ಎರಡು ತಿಂಗಳು ಆಲೋಚನೆ ಮಾಡಿದರು. ಆ ಎರಡು ತಿಂಗಳಲ್ಲಿ ನಾನು ಐದು ಸಲ ಕನ್ಯಾನಕ್ಕೆ ಹೋದೆ. ಒಂದು ಸಲ ಅವಳ ಕತ್ತಿನಲ್ಲಿ ಬೆರಳಿನ ಗುರುತು ಇತ್ತು. ಸೆರಗಿನಿಂದ ಮುಚ್ಚಿಕೊಳ್ಳಲೂ ಇಲ್ಲ, ತೋರಿಸಲೂ ಇಲ್ಲ. ನೋಡುವುದಕ್ಕೆ ಅಡ್ಡಿಯಿಲ್ಲ, ಹೇಳುವುದಕ್ಕೆ ಮಾತ್ರ ಎಂಬಂತೆ ಎದುರು ಕೂತಿದ್ದಳು. ಗುರಿಕಾರರು ಮಾತು ಬಿಡಿಸುತ್ತಾರಂತೆ ಎಂದು ನಾನು ಪ್ರತಿ ಸಲ ಹೇಳುತ್ತಿದ್ದೆ. "ಬಿಡಿಸಿದ್ರೆ ಹೇಳ್ತೇನೆ ಅಕ್ಕ. ಹೇಳ್ಲಿಕ್ಕೆ ತುಂಬಾ ಉಂಟು" ಎಂದಳು ಒಮ್ಮೆ. ಆ ಒಂದು ವಾಕ್ಯವನ್ನು ಹಿಡಿದುಕೊಂಡು ನಾನು ಆ ಎರಡು ತಿಂಗಳು ಕಳೆದೆ.

ಕೊನೆಗೆ ಗುರಿಕಾರರೇ ಫೋನು ಮಾಡಿದರು. ಸಂಕ್ರಮಣದ ದಿನ ಬೆಳಿಗ್ಗೆ ಅವಳೊಬ್ಬಳನ್ನೇ ಕರೆದುಕೊಂಡು ಬನ್ನಿ, ಆಗುವುದೆಲ್ಲ ನನ್ನ ಮೇಲೆ ಆಗಲಿ ಎಂದರು. ವಸಂತ ಅವತ್ತು ಹಾಸನದ ಕಡೆ ಬಾಡಿಗೆಗೆ ಹೋಗಿದ್ದ. ಸಂಕ್ರಮಣವಾದ್ದರಿಂದ ದೈವಸ್ಥಾನಕ್ಕೆ ಹೊರಟವಳನ್ನು ಅತ್ತೆಯೂ ಕೇಳಲಿಲ್ಲ. ನಾನು ಎಲ್ಲ ತಯಾರು ಮಾಡಿದ್ದೆ. ಹೇಳಿಕೆ ಬರೆದುಕೊಳ್ಳಲು ಕುಸುಮ ಟೀಚರು ಬಿ.ಸಿ. ರೋಡಿನಲ್ಲಿ ಕಾದಿದ್ದರು. ರಸ್ತೆಯ ತಿರುವಿನಲ್ಲಿ ಗಾಡಿ ನಿಂತಿತ್ತು. ಬೆಳುವಾಯಿಯಲ್ಲಿ ಗಿರಿಜಕ್ಕ ಅವಳಿಗೂ ಮಗುವಿಗೂ ಕೋಣೆ ಗುಡಿಸಿಟ್ಟಿದ್ದರು.

ಗುರಿಕಾರರು ಪ್ರಾರ್ಥನೆಯಲ್ಲಿ ನಾನು ಅದುವರೆಗೆ ಕೇಳದ ಮಾತು ಹೇಳಿದರು. ಈ ಹೆಣ್ಣುಮಗಳಿಂದ ಮಾತು ಇಡಿಸಿದ್ದು ತನ್ನ ತಪ್ಪು, ದೈವದ ಇಚ್ಛೆ ಅಲ್ಲ, ಇದರ ದೋಷ ಏನಿದ್ದರೂ ತನ್ನ ತಲೆಗೆ ಬರಲಿ, ಇವಳಿಗೂ ಇವಳ ಮಗುವಿಗೂ ತಟ್ಟದಿರಲಿ. ಹೇಳುವಾಗ ಅವರ ಕೈಯಿಂದ ಪ್ರಸಾದದ ಹೂ ಕೆಳಗೆ ಬಿತ್ತು. ಇನ್ನೊಂದು ಹೂ ತೆಗೆದು ಕೊಟ್ಟರು. ಅವಳು ಎರಡೂ ಕೈ ಚಾಚಿ ತೆಗೆದುಕೊಂಡಳು.

"ಬಿಟ್ಟಿತು" ಎಂದರು ಗುರಿಕಾರರು. "ಇನ್ನು ಹೇಳು ಮಗಾ. ಯಾರತ್ರ ಬೇಕಾದ್ರೂ ಹೇಳು."

ಹರಿಣಾಕ್ಷಿ ಹೂವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಮಗು ಅವಳ ಸೀರೆಯನ್ನು ಎಳೆಯುತ್ತಿತ್ತು.

"ಅವರಿಗೆ ಯಾಕೆ ಎಂತದ್ದೂ ಆಗ್ಲಿಲ್ಲ?" ಎಂದಳು.

ಗುರಿಕಾರರಿಗೆ ಅರ್ಥವಾಗಲಿಲ್ಲ. "ಯಾರಿಗೆ?"

"ಅವರೂ ಮಾತು ಇಟ್ಟದ್ದಲ್ವಾ, ಇಲ್ಲಿಯೇ ನಿಂತು. ಅವರು ಎಷ್ಟು ಸಲ..." ಅಲ್ಲಿಗೆ ತಡೆದುಕೊಂಡಳು. "ಅವರಿಗೆ ಒಂದು ತಲೆನೋವೂ ಬರಲಿಲ್ಲ. ನಾನು ಒಂದು ಸಲ ಫೋನಲ್ಲಿ ಹೇಳಿದ್ದಕ್ಕೆ ಮಗು ಆಸ್ಪತ್ರೆಗೆ ಹೋಯ್ತು. ಹಾಗಾದ್ರೆ ದೈವ ನೋಡುವುದು ನನ್ನನ್ನು ಮಾತ್ರವಾ?"

ಗುರಿಕಾರರು ನನ್ನ ಮುಖ ನೋಡಿದರು. ನನ್ನ ಹತ್ತಿರ ಉತ್ತರ ಇತ್ತು: ಮಕ್ಕಳಿಗೆ ಜ್ವರ ಬರುತ್ತದೆ, ಅದು ಮಾತಿನಿಂದ ಬರುವುದಲ್ಲ. ಆದರೆ ಅದೇ ನಂಬಿಕೆಯನ್ನು ಹಿಡಿದು ಅವಳನ್ನು ಆ ಜಾಗಕ್ಕೆ ಕರೆದುಕೊಂಡು ಹೋದವಳು ನಾನು. ಅದು ಸುಳ್ಳೆಂದು ಯಾವ ಬಾಯಿಯಲ್ಲಿ ಹೇಳಲಿ? ಆದರೂ ಹೇಳಿದೆ. ಅವಳು ನನ್ನ ಕಡೆ ಬಲಗಿವಿ ತಿರುಗಿಸಿ ಪೂರ್ತಿ ಕೇಳಿದಳು.

"ನೀವು ಬಿಡಿಸಿದ್ದೀರಿ, ಸರಿ. ದೈವ ಬಿಟ್ಟಿದೆ ಅಂತ ನನಗೆ ಹೇಗೆ ಗೊತ್ತಾಗುದು ಅಕ್ಕ? ಇವಳಿಗೆ ಇನ್ನೊಮ್ಮೆ ಜ್ವರ ಬಂದ ಮೇಲೆಯಾ?" ಮಗುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು. "ನನಗೆ ಬೀಳುವುದು ಬೀಳ್ಲಿ. ಅದು ನನಗೆ ಗೊತ್ತುಂಟು, ಎಷ್ಟು ಬೀಳ್ತದೆ, ಯಾವಾಗ ಬೀಳ್ತದೆ ಅಂತ. ಇವಳದ್ದು ಗೊತ್ತಿಲ್ಲ."

ಗುರಿಕಾರರಿಗೆ ಕಾಲು ಮುಟ್ಟಿ ನಮಸ್ಕಾರ ಮಾಡಿ ಗದ್ದೆಯ ಬದುವಿನ ಮೇಲೆ ಮನೆ ಕಡೆ ನಡೆದಳು. ನಾನು ಹಿಂದಿನಿಂದ ಹೋಗಿ ಕರೆದೆ, ಎಡಗಡೆಯಿಂದ. ಕೇಳಿಸಲಿಲ್ಲವೋ, ಕೇಳಿಸಿಯೂ ನಿಲ್ಲಲಿಲ್ಲವೋ ಗೊತ್ತಿಲ್ಲ. ಗಾಡಿಯವನು ಅರ್ಧ ಗಂಟೆ ಕಾದು, ಹೋಗುವುದಾ ಅಕ್ಕ ಎಂದು ಕೇಳಿದ. ಬೆಳುವಾಯಿಗೆ ಫೋನು ಮಾಡುವ ಕೆಲಸ ಬಾಕಿ ಇತ್ತು. ಗಿರಿಜಕ್ಕ ಒಂದೇ ರಿಂಗಿಗೆ ಎತ್ತಿದರು.

ಸೇಸಪ್ಪ ಗುರಿಕಾರರು ಆಮೇಲೆ ಗಂಡಹೆಂಡಿರ ವಿಷಯದಲ್ಲಿ ಯಾರಿಂದಲೂ ಮಾತು ಇಡಿಸಲಿಲ್ಲ. ಜನ ಬೇರೆ ಕಡೆ ಹೋಗಿ ಇಡಿಸುತ್ತಾರೆ. ನಮ್ಮ ಕೇಂದ್ರದಲ್ಲಿ ಹೆಂಗಸಿನಿಂದ ಎಲ್ಲಿಯೂ, ಯಾರ ಎದುರೂ, ಯಾವ ಮಾತನ್ನೂ ತೆಗೆದುಕೊಳ್ಳಬಾರದೆಂದು ಕುಸುಮ ಟೀಚರು ಕೆಂಪು ಶಾಯಿಯಲ್ಲಿ ಬರೆದು ಗೋಡೆಗೆ ಅಂಟಿಸಿದರು. ಹೊಸಬರು ಅದನ್ನು ಓದಿ ಇದೆಂಥ ವಿಚಿತ್ರ ನಿಯಮ ಎಂದುಕೊಳ್ಳುತ್ತಾರೆ, ಆದ್ದರಿಂದ ಇಷ್ಟು ವಿವರವಾಗಿ ಬರೆದೆ. ದೇವಸ್ಥಾನ, ಇಗರ್ಜಿ, ಮಸೀದಿಗಳಿಗೆ ಹೋಗಬೇಡಿ ಎನ್ನುವುದಿಲ್ಲ. ಅಲ್ಲಿ ಒಳ್ಳೆಯವರಿದ್ದಾರೆ. ಸೇಸಪ್ಪಣ್ಣನಿಗಿಂತ ಒಳ್ಳೆಯವರನ್ನು ನಾನು ಕಂಡದ್ದು ಕಡಿಮೆ. ಅವರು ಒಳ್ಳೆಯವರಾಗಿದ್ದದ್ದರಿಂದಲೇ ನಾನು ಅವತ್ತು ಅವರ ಮಾತಿಗೆ ತಲೆಯಾಡಿಸಿದ್ದು.

ನಾನು ಕೆಲಸ ಬಿಟ್ಟು ಒಂದು ವರ್ಷವಾದ ಮೇಲೆ ವಿಟ್ಲದ ಬಸ್‌ಸ್ಟ್ಯಾಂಡಿನಲ್ಲಿ ಹರಿಣಾಕ್ಷಿ ಸಿಕ್ಕಿದಳು. ಮುಂದಿನ ಎರಡು ಹಲ್ಲು ಕಟ್ಟಿಸಿದ್ದು. ಮಗಳು ಒಂದನೇ ಕ್ಲಾಸಂತೆ. ಯೂನಿಫಾರ್ಮಿನ ಬಟ್ಟೆಗೆಂದು ಬಂದಿದ್ದರು. ಹರಿಣಾಕ್ಷಿ ನಕ್ಕು, "ಆರಾಮಾ ಅಕ್ಕ? ಸೊಂಟನೋವು ಹೇಗುಂಟು?" ಎಂದು ನನ್ನನ್ನೇ ವಿಚಾರಿಸಿದಳು. ಅವಳು ಟಿಕೇಟಿಗೆ ಚಿಲ್ಲರೆ ಹುಡುಕುತ್ತಿದ್ದಾಗ ನಾನು ಬಗ್ಗಿ ಮಗುವಿನ ಗಲ್ಲ ಹಿಡಿದು, ಇಪ್ಪತ್ತೆರಡು ವರ್ಷದ ಅಭ್ಯಾಸಬಲದಿಂದ ಕೇಳಿಬಿಟ್ಟೆ:

"ಮನೆಯಲ್ಲಿ ಅಪ್ಪ ಹೇಗಿದ್ದಾರೆ ಮಗಾ?"

ಮಗು ಒಮ್ಮೆ ತಾಯಿಯ ಬೆನ್ನಿನ ಕಡೆ ನೋಡಿತು. ಆಮೇಲೆ ಶಾಲೆಯಲ್ಲಿ ಪಾಠ ಒಪ್ಪಿಸುವಂತೆ ಕೈಕಟ್ಟಿ, ಒಂದೊಂದೇ ಅಕ್ಷರವನ್ನು ಬಿಡಿಸಿ ಹೇಳಿತು.

"ಮನೆಯ ಮಾತು ಹೊರಗೆ ಹೇಳ್ಲಿಕ್ಕಿಲ್ಲ."

ಕನ್ಯಾನದ ಬಸ್ಸು ಬಂತು. ಅವರಿಬ್ಬರೂ ಹತ್ತಿ ಹಿಂದಿನ ಸೀಟಿನಲ್ಲಿ ಕೂತರು. ಆ ಮಗುವಿನಿಂದ ಯಾರೂ ಯಾವ ಮಾತನ್ನೂ ಇಡಿಸಿರಲಿಲ್ಲ.